ಮೊದಲು ಕೇಳೋಣ, ಆಮೇಲೆ ಮೊಳೆ ಹೊಡೆಯೋಣ

ಈ ತಿಂಗಳ ಪಾಠ: ನೆರೆಯವರ ಮನೆ ರಿಪೇರಿಯ ಸೇವಾ ಶಿಬಿರ



ಬಿಸಿಲು ಏರುತ್ತಿದೆ. ಇನ್ನು ಹಪ್ಪಳ, ಸಂಡಿಗೆ ಒಣಗಿಸುವ ಕಾಲ. ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲ. ಇದೇ ಕಾಲದಲ್ಲಿ ನಾವು ಮರೆಯುವ ಒಂದು ಕೆಲಸ ಇದೆ: ಒಮ್ಮೆ ತಲೆ ಎತ್ತಿ ಮನೆಯ ಮಾಡನ್ನು ನೋಡುವುದು. ನಮ್ಮ ಮನೆಯದು ಮಾತ್ರ ಅಲ್ಲ, ಪಕ್ಕದ ಮನೆಯದ್ದೂ. ಆದ್ದರಿಂದ ಈ ತಿಂಗಳ ಪಾಠಕ್ಕೆ ಈ ವಿಷಯ ಆರಿಸಿದ್ದೇವೆ. ವಾರದ ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ಎಲ್ಲರೂ ಸೇರಿ ಚರ್ಚೆ ಮಾಡಿ.

ಪಾಠದ ಉದ್ದೇಶ

- ಮನೆ ರಿಪೇರಿಯ ಸೇವಾ ಶಿಬಿರ ಎಂದರೆ ಏನು, ಅದು ಹೇಗೆ ನಡೆಯುತ್ತದೆ ಎಂದು ತಿಳಿಯುವುದು.
- ಸಹಾಯ ಮಾಡುವಾಗ ಮನೆಯವರ ಮಾನ ಕಾಪಾಡುವುದು ಹೇಗೆ ಎಂದು ಕಲಿಯುವುದು.
- ಮಳೆಗೆ ಮುಂಚೆ ನಮ್ಮ ಸಂಘ ಒಂದು ಮನೆಯನ್ನಾದರೂ ಭದ್ರ ಮಾಡಲು ತಯಾರಾಗುವುದು.

ನಮ್ಮದೇ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಒಂದು ಹಳ್ಳಿಯಲ್ಲಿ ಯುವಜನರ ಏಳು ದಿನದ ಶಿಬಿರ ನಡೆಸಿದೆವು. ಹುಡುಗ-ಹುಡುಗಿಯರಿಗೆ ತುಂಬಾ ಉತ್ಸಾಹ. ಅಲ್ಲಿ ಒಬ್ಬ ವಿಧವೆ ತಾಯಿ ಹಂಚಿನ ಮನೆಯಲ್ಲಿ ಒಬ್ಬರೇ ಇದ್ದರು. ನಾವು ಮನೆಗೆ ಒಂದು ಸುತ್ತು ಬಂದು, ನಮ್ಮ ಕಣ್ಣಿಗೆ ಕಂಡದ್ದನ್ನು ಪಟ್ಟಿ ಮಾಡಿದೆವು. ಗೋಡೆಗೆ ಸುಣ್ಣ ಬಳಿದೆವು. ಬಾಗಿಲಿಗೆ ನೀಲಿ ಬಣ್ಣ ಹಚ್ಚಿದೆವು. ಅಂಗಳ ಸಮ ಮಾಡಿದೆವು. ಕೊನೆಯ ದಿನ ಬ್ಯಾನರ್ ಹಿಡಿದು, ಆ ತಾಯಿಯನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದೆವು.

ಮೂರನೇ ದಿನವೋ ಏನೋ ಆಕೆ ಮೆಲ್ಲಗೆ, "ಅಡಿಗೆಮನೆ ಕಡೆ ಪಕ್ಕಾಸು ಸ್ವಲ್ಪ..." ಎಂದು ಮಾತು ತೆಗೆದಿದ್ದರು. ನಮಗೆ ಅವಸರ. "ಆಮೇಲೆ ನೋಡೋಣಮ್ಮ" ಎಂದು ಹೇಳಿ ಮುಂದೆ ಹೋದೆವು.

ಆ ಆಮೇಲೆ ಬರಲೇ ಇಲ್ಲ. ಜೂನ್ ತಿಂಗಳ ಒಂದು ರಾತ್ರಿ ಗಾಳಿಮಳೆಗೆ ಅಡಿಗೆಮನೆಯ ಮಾಡು ಕುಸಿದು ಬಿತ್ತು. ಗೆದ್ದಲು ತಿಂದ ಪಕ್ಕಾಸುಗಳು ನೆನೆದು ಭಾರವಾದ ಹಂಚನ್ನು ತಡೆಯಲಿಲ್ಲ. ಆಕೆ ಮುಂದಿನ ಕೋಣೆಯಲ್ಲಿ ಮಲಗಿದ್ದರಿಂದ ಉಳಿದರು. ಮರುದಿನ ನಾವು ಓಡಿ ಹೋದಾಗ ಆಕೆ ಬೈಯಲಿಲ್ಲ, ಅಳಲೂ ಇಲ್ಲ. ನೀಲಿ ಬಾಗಿಲ ಪಕ್ಕ ಕೂತು, "ಬಣ್ಣ ಚೆನ್ನಾಗಿತ್ತು ಸಿಸ್ಟರ್" ಅಂದರು, ಅಷ್ಟೇ.

ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವಾಗ 'ಜನರ ಅಗತ್ಯವನ್ನು ಜನರಿಂದಲೇ ತಿಳಿಯಬೇಕು' ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು ನಾವು. ಅದರ ಅರ್ಥ ನಮಗೆ ತಿಳಿದದ್ದು ಆ ಜಗಲಿಯಲ್ಲಿ.

ದೂರದ ಬೆಟ್ಟಗಳ ಶಿಬಿರ

ಆ ಘಟನೆಯ ನಂತರ, ಬೇರೆಯವರು ಈ ಕೆಲಸವನ್ನು ಹೇಗೆ ಮಾಡ್ತಾರೆ ಎಂದು ತಿಳಿಯುವ ಆಸೆ ಆಯಿತು. ಆಗ ನೆನಪಾದವರು ನಮ್ಮ ಸಭೆಯ ಒಬ್ಬ ಸಿಸ್ಟರ್. ಅವರು ಅಮೆರಿಕದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಇಂಥ ಶಿಬಿರದ ಅಡಿಗೆಮನೆಯಲ್ಲಿ ಸೇವೆ ಮಾಡಿದ್ದರು.

ಅಮೆರಿಕ ಅಂದರೆ ಎಲ್ಲರೂ ಶ್ರೀಮಂತರು ಅಂತ ನಾವು ತಿಳಿದಿದ್ದೇವೆ, ಅಲ್ವಾ? ಆ ದೇಶದ ಪೂರ್ವ ಭಾಗದಲ್ಲಿ ಅಪಲಾಚಿಯಾ ಎಂಬ ಬೆಟ್ಟಗಳ ಸಾಲು ಇದೆ. ಕೆಂಟಕಿ, ಟೆನೆಸಿ, ವರ್ಜೀನಿಯಾ, ವೆಸ್ಟ್ ವರ್ಜೀನಿಯಾ ಮೊದಲಾದ ರಾಜ್ಯಗಳ ಬೆಟ್ಟದ ಊರುಗಳು ಇದರಲ್ಲಿ ಬರುತ್ತವೆ. ಅಲ್ಲಿ ನೆಲದಡಿ ಕಲ್ಲಿದ್ದಲು. ಇದ್ದಲು ಹೊರಗಿನ ಕಂಪನಿಗಳ ಪಾಲಾಯಿತು, ದೂಳು ಮಾತ್ರ ಅಲ್ಲಿನವರ ಎದೆಗೆ ಸೇರಿತು. ಆ ದೂಳಿನಿಂದ ಬರುವ ಕಾಯಿಲೆಗೆ ಅಲ್ಲಿ 'ಕಪ್ಪು ಶ್ವಾಸಕೋಶ' ಎಂದೇ ಹೆಸರು. ಅದಕ್ಕೆ ಸರ್ಕಾರದ ಪರಿಹಾರ ಸಿಗುವಂತೆ ಕಾನೂನು ಬಂದದ್ದು 1969ರಲ್ಲಿ. ಯಂತ್ರಗಳು ಬಂದು, ಗಣಿಗಳು ಮುಚ್ಚುತ್ತಾ ಹೋದಂತೆ ಕೆಲಸವೂ ಹೋಯಿತು. ವಯಸ್ಸಾದವರು ಹಳೆಯ ಮರದ ಮನೆಗಳಲ್ಲಿ ಉಳಿದರು. ಸೋರುವ ಮಾಡು, ಕುಂಬಾದ ನೆಲದ ಹಲಗೆ, ಮುರಿದ ಮೆಟ್ಟಿಲು. ಚಳಿಗಾಲದಲ್ಲಿ ಹಿಮ ಬೀಳುವ ಊರಿನಲ್ಲಿ ಗೋಡೆಯ ಬಿರುಕು ಎಂದರೆ ಜೀವಕ್ಕೇ ಅಪಾಯ.

ಅದೇ 1969ರಲ್ಲಿ ಮೆಥಡಿಸ್ಟ್ ಸಭೆಯ ಗ್ಲೆನ್ 'ಟೆಕ್ಸ್' ಇವಾನ್ಸ್ ಎಂಬ ಬೋಧಕರು 50 ಮಂದಿ ಸ್ವಯಂಸೇವಕರನ್ನು ಕೆಂಟಕಿಯ ಬಾರ್ಬರ್‌ವಿಲ್ ಎಂಬ ಊರಿಗೆ ಕರೆತಂದು ನಾಲ್ಕು ಮನೆಗಳನ್ನು ರಿಪೇರಿ ಮಾಡಿಸಿದರು. ಹೀಗೆ 'ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್' ಹುಟ್ಟಿತು. ಬಡವರ ಮನೆ ಬೆಚ್ಚಗಿರಬೇಕು, ಸುರಕ್ಷಿತವಾಗಿರಬೇಕು, ನೀರು ಸೋರದೆ ಒಣಗಿರಬೇಕು, ಈ ಮೂರೇ ಅದರ ಗುರಿ. ಅರಮನೆ ಕಟ್ಟುತ್ತೇವೆ ಅಂತ ಅವರು ಹೇಳಲಿಲ್ಲ. 1975ರಲ್ಲಿ ಆ ಬೆಟ್ಟ ಸೀಮೆಯ ಕಥೋಲಿಕ ಧರ್ಮಾಧ್ಯಕ್ಷರುಗಳು ಒಟ್ಟಾಗಿ 'ಈ ನೆಲ ನನ್ನ ಮನೆ' ಎಂಬ ಅರ್ಥದ ಹೆಸರಿನ ಪಾಲನಾ ಪತ್ರ ಹೊರಡಿಸಿ, ಅಲ್ಲಿನ ಜನರ ಅಸಹಾಯಕತೆಯ ಬಗ್ಗೆ ಮಾತಾಡಿದರು. 1993ರಲ್ಲಿ ಫ್ಲೋರಿಡಾದ ವಾಕರ್ ದಂಪತಿಗಳು ಕಥೋಲಿಕ ಯುವಜನರಿಗಾಗಿ ಇಂಥದ್ದೇ ಬೇಸಿಗೆ ಶಿಬಿರ ಶುರು ಮಾಡಿದರು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ ಅದೇ 1969ರಲ್ಲಿ, ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ನಿಮ್ಮ ಮಕ್ಕಳು ಎನ್ನೆಸ್ಸೆಸ್ ಶಿಬಿರಕ್ಕೆ ಹೋಗಿ ಶ್ರಮದಾನ ಮಾಡಿ ಬಂದಿರಬಹುದು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಮೂವತ್ತಕ್ಕೂ ಹೆಚ್ಚು ವರ್ಷ, ವರ್ಷಕ್ಕೊಂದು ವಾರದಂತೆ ಸುತ್ತಿಗೆ ಹಿಡಿದು ಬಡವರ ಮನೆ ಕಟ್ಟಲು ಕೈಜೋಡಿಸಿದರು. 2006ರಲ್ಲಿ ಅವರು ಮತ್ತು ಅವರ ಪತ್ನಿ ಮಹಾರಾಷ್ಟ್ರದ ಲೋಣಾವಳದ ಹತ್ತಿರ ನೂರು ಮನೆ ಕಟ್ಟುವ ಕೆಲಸಕ್ಕೂ ಬಂದಿದ್ದರು. ಅಲ್ಲಿ ಒಂದು ನಿಯಮ: ಮನೆ ಪಡೆಯುವ ಕುಟುಂಬವೂ ತನ್ನ ಬೆವರಿನ ಪಾಲು ಕೊಡಬೇಕು.

ಶಿಬಿರ ನಡೆಯುವ ರೀತಿ

ನಮ್ಮ ಸಿಸ್ಟರ್ ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇವೆ. ಬೇಸಿಗೆಗೆ ತಿಂಗಳುಗಟ್ಟಲೆ ಮುಂಚೆಯೇ ಕುಟುಂಬಗಳಿಂದ ಅರ್ಜಿ ಪಡೆಯುತ್ತಾರೆ. ಶಿಬಿರದ ಕಾರ್ಯಕರ್ತರು ಮನೆಮನೆಗೆ ಹೋಗಿ, ಮನೆಯವರ ಜೊತೆ ಕೂತು, ಏನು ಆಗಬೇಕು, ಎಷ್ಟು ದಿನ ಬೇಕು, ಏನೇನು ಸಾಮಾನು ಬೇಕು ಎಂದು ಬರೆದುಕೊಳ್ಳುತ್ತಾರೆ. ಕುಟುಂಬ ದುಡ್ಡು ಕೊಡಬೇಕಾಗಿಲ್ಲ. ಸೇವೆಗೆ ಬರುವವರೇ ತಮ್ಮ ಖರ್ಚು ಭರಿಸುತ್ತಾರೆ. ಹುಡುಗರು ಕಾರು ತೊಳೆದು, ಕೇಕ್ ಮಾರಿ ಆ ಹಣ ಕೂಡಿಸುವುದೂ ಉಂಟು.

ಆರೇಳು ಮಂದಿಯ ಒಂದೊಂದು ತಂಡ. ಅದರಲ್ಲಿ ಇಬ್ಬರು ಹಿರಿಯರು. ಭಾನುವಾರ ಬಂದು ಶಾಲೆಯ ನೆಲದ ಮೇಲೆ ಹಾಸಿಗೆ ಹಾಕ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಕೆಲಸ. ಸಂಜೆ ಪ್ರಾರ್ಥನೆ, ಹಾಡು, ಆ ದಿನ ಕಲಿತದ್ದನ್ನು ಹಂಚಿಕೊಳ್ಳುವುದು. ಮುಂದಿನ ವಾರ ಬೇರೆ ತಂಡ ಬಂದು, ಹಿಂದಿನವರು ಬಿಟ್ಟ ಜಾಗದಿಂದ ಕೆಲಸ ಮುಂದುವರಿಸುತ್ತದೆ. ಒಬ್ಬರು ಹಳೆ ಹಲಗೆ ಕಿತ್ತರೆ ಇನ್ನೊಬ್ಬರು ಹೊಸದನ್ನು ಕೂರಿಸುತ್ತಾರೆ. ಹಲವರಿಗೆ ಮನೆ ಪೂರ್ತಿಯಾದದ್ದನ್ನು ನೋಡುವ ಭಾಗ್ಯ ಇಲ್ಲ. "ಇದು ನಾನು ಮಾಡಿದ ಮನೆ" ಅಂತ ಯಾರೂ ಹೇಳುವಂತಿಲ್ಲ.

ಸಿಸ್ಟರ್‌ಗೆ ಹೆಚ್ಚು ನೆನಪಿರುವುದು ಒಂದು ಮಧ್ಯಾಹ್ನ. ಬುತ್ತಿ ಕೊಡಲು ಒಂದು ಮನೆಗೆ ಹೋಗಿದ್ದರು. ಗಣಿಯಲ್ಲಿ ದುಡಿದು ಉಸಿರಾಟದ ಕಾಯಿಲೆ ಹಿಡಿಸಿಕೊಂಡ ಅಜ್ಜ, ಅವರ ಹೆಂಡತಿ. ಗಾಲಿಕುರ್ಚಿ ಹೊರಗೆ ಬರಲು ಇಳಿಜಾರು ದಾರಿ ಮಾಡುವ ಕೆಲಸ ನಡೆಯುತ್ತಿತ್ತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕು, ಇದು ಲೆಕ್ಕ. ಹುಡುಗರು ಜಾಗ ಉಳಿಸಲು ಅದನ್ನು ಗಿಡ್ಡ ಮಾಡಲು ಹೊರಟಿದ್ದರು. ಅಜ್ಜ ಕಿಟಕಿಯಿಂದ ನೋಡಿ, "ಅಷ್ಟು ಕಡಿದಾದರೆ ನನ್ನ ಹೆಂಡತಿಗೆ ಕುರ್ಚಿ ತಳ್ಳಲಿಕ್ಕೆ ಆಗೋದಿಲ್ಲ" ಎಂದರು. ತಂಡದ ಹಿರಿಯರು ಕೆಲಸ ನಿಲ್ಲಿಸಿ, ಹುಡುಗರನ್ನು ಅಜ್ಜನ ಹತ್ತಿರ ಕೂರಿಸಿದರು. ಆ ಮಧ್ಯಾಹ್ನ ಒಂದು ಮೊಳೆಯೂ ಹೊಡೆಯಲಿಲ್ಲ. ಅಜ್ಜ ಹೇಳುತ್ತಾ ಹೋದರು, ಹುಡುಗರು ಮತ್ತೆ ಅಳತೆ ಹಾಕಿದರು. "ಆ ದಿನ ಅಜ್ಜನೇ ಮೇಸ್ತ್ರಿ" ಎಂದು ಸಿಸ್ಟರ್ ನಗುತ್ತಾರೆ.

ಇದನ್ನು ಕೇಳಿದಾಗ ನಮಗೆ ನಮ್ಮ ನೀಲಿ ಬಾಗಿಲು ನೆನಪಾಯಿತು.

ಕ್ಯಾಮೆರಾ ಮತ್ತು ಮಾನ

ಆ ಬೆಟ್ಟಗಳ ಇನ್ನೊಂದು ಕಥೆಯನ್ನೂ ನಾವು ತಿಳಿಯಬೇಕು. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಕೆಂಟಕಿಯ ಒಬ್ಬ ಬಡ ಕುಟುಂಬದ ಮನೆಯ ಜಗಲಿಯಲ್ಲಿ ಕೂತು ಮಾತಾಡಿದರು. ಬಡತನದ ವಿರುದ್ಧ ಹೋರಾಟ ಎಂಬ ಕಾರ್ಯಕ್ರಮದ ಕಾಲ ಅದು. ಆ ಫೋಟೋ ದೇಶವೆಲ್ಲಾ ಹರಡಿತು. ಆಮೇಲೆ ಕ್ಯಾಮೆರಾ ಹಿಡಿದವರ ಸಾಲೇ ಬಂತು. ಹರಿದ ಬಟ್ಟೆ, ಮುರಿದ ಬಾಗಿಲು, ಕೊಳಕು ಮುಖದ ಮಕ್ಕಳು, ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಊರಿನವರಿಗೆ ರೋಸಿಹೋಯಿತು. 1967ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಚಿತ್ರ ನಿರ್ದೇಶಕ ಹ್ಯೂ ಓಕಾನರ್ ಒಬ್ಬ ಗಣಿ ಕಾರ್ಮಿಕರ ಬಾಡಿಗೆ ಮನೆಯಲ್ಲಿ ಚಿತ್ರ ತೆಗೆಯುತ್ತಿದ್ದಾಗ, ಆ ಜಾಗದ ಮಾಲೀಕ ಬಂದು ಗುಂಡು ಹಾರಿಸಿ ಅವರನ್ನು ಕೊಂದ.

ಕೊಲೆ ಮಹಾಪಾಪ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದರ ಹಿಂದಿನ ನೋವು ನಮಗೆ ಅರ್ಥವಾಗಬೇಕು. ಬಡವರಿಗೆ ಮಾಡು ಸೋರುವ ಕಷ್ಟ ಒಂದು. ಅದನ್ನು ಊರೆಲ್ಲಾ ನೋಡಿತಲ್ಲಾ ಅನ್ನುವ ನಾಚಿಕೆ ಇನ್ನೊಂದು. ನಾವು ಮೊದಲ ಕಷ್ಟ ತೆಗೆಯಲು ಹೋಗಿ ಎರಡನೆಯದನ್ನು ಹೇರಿ ಬರಬಾರದು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಒಂದು ನಿಮಿಷದಲ್ಲಿ ಫೋಟೋ ಹತ್ತು ಗುಂಪುಗಳಿಗೆ ಹೋಗ್ತದೆ. ನಿಮ್ಮ ಒಡೆದ ಅಡಿಗೆಮನೆಯ ಫೋಟೋ ನಿಮ್ಮ ಮಗಳ ಗಂಡನ ಮನೆಯವರಿಗೆ ಹೋದರೆ ಹೇಗಿರುತ್ತೆ ಎಂದು ಒಮ್ಮೆ ಯೋಚಿಸಿ.

ನಮ್ಮ ಸಂಘದಲ್ಲಿ ಮಾಡುವುದು ಹೇಗೆ?

1. ಮಾರ್ಚ್‌ನಲ್ಲಿ ಕೇಳಿ. ಊರಲ್ಲಿ ಒಂಟಿ ವೃದ್ಧರು, ವಿಧವೆಯರು, ಅಂಗವಿಕಲರು ಇರುವ ಮನೆ ಯಾವುದು ಎಂದು ಸಭೆಯಲ್ಲಿ ಮಾತಾಡಿ. ಅವರು ಸಂಘದ ಸದಸ್ಯೆ ಆಗಿರಬೇಕೆಂದಿಲ್ಲ. ಜಾತಿ, ಧರ್ಮ ನೋಡಬೇಡಿ, ಮಳೆ ಅದನ್ನು ನೋಡುವುದಿಲ್ಲ. ಇಬ್ಬರು ಮಾತ್ರ ಮನೆಗೆ ಹೋಗಿ. ಇಪ್ಪತ್ತು ಜನ ಒಟ್ಟಿಗೆ ನುಗ್ಗಬೇಡಿ. ಕೂತು, ನೀರು ಕುಡಿದು, "ಮಳೆ ಬಂದರೆ ನಿಮಗೆ ಯಾವುದರ ಹೆದರಿಕೆ?" ಎಂದು ಕೇಳಿ, ಸುಮ್ಮನಿರಿ. ಮೆಲ್ಲಗೆ ಹೇಳಿದ ಮಾತನ್ನೇ ಮೊದಲು ಬರೆದುಕೊಳ್ಳಿ. ಬೇಡ ಅಂದರೆ ಒತ್ತಾಯ ಮಾಡಬೇಡಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪಡೆಯಿರಿ.

2. ಮೇಲಿನಿಂದ ಕೆಳಗೆ ಬನ್ನಿ. ಮೊದಲು ಮಾಡು, ಆಮೇಲೆ ನೀರು ಹರಿದುಹೋಗುವ ದಾರಿ, ಆಮೇಲೆ ಗೋಡೆ ಮತ್ತು ಮೆಟ್ಟಿಲು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಹಂಚಿನ ಮನೆಯಲ್ಲಿ ಹಂಚಿಗಿಂತ ಮೊದಲು ಕೆಡುವುದು ಮರ. ಪಕ್ಕಾಸು, ರೀಪುಗಳನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿ. ಸುಲಭವಾಗಿ ಒಳಗೆ ಹೋದರೆ ಅದು ಟೊಳ್ಳು. ಹಂಚನ್ನು ಬೆರಳಿನಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ಮಂಕಾಗಿ ಸದ್ದು ಬಂದರೆ ಬಿರುಕು ಇದೆ.

3. ಮುಗಿಸಲು ಆಗುವಷ್ಟೇ ಹಿಡಿಯಿರಿ. ಮಾಡು ಬಿಚ್ಚಿಟ್ಟು ಅರ್ಧಕ್ಕೆ ಬಿಡುವುದು ಸೇವೆಯಲ್ಲ, ದ್ರೋಹ. ಮೇ ಕೊನೆಯೊಳಗೆ ಮುಗಿಯಬೇಕು. ಅಕಾಲದ ಮಳೆಗೆ ಒಂದು ಟಾರ್ಪಾಲು ಜೊತೆಗಿರಲಿ.

4. ಮನೆಯವರ ಪಾಲು ಇರಲಿ. ಒಬ್ಬರು ಮರ ಕೊಟ್ಟಾರು, ಒಬ್ಬರು ಹಂಚು ಜೋಡಿಸಿಕೊಟ್ಟಾರು, ಏನೂ ಆಗದವರು ಕೂತು ಸಲಹೆ ಕೊಟ್ಟಾರು. ಅದೂ ಪಾಲೇ. ಆದರೆ ತೀರಿಸಲು ಆಗದವರ ತಲೆಗೆ ಸಂಘದ ಸಾಲ ಕಟ್ಟಬೇಡಿ.

5. ಆಚಾರಿಗೆ ಕೂಲಿ ಕೊಡಿ. ಶ್ರಮದಾನ ನಮ್ಮದು. ದಿನಗೂಲಿಯಲ್ಲಿ ಬದುಕುವ ಬಡಗಿ, ಮೇಸ್ತ್ರಿಯ ಕೈಯಿಂದ ಪುಕ್ಕಟೆ ಕೆಲಸ ಮಾಡಿಸುವುದು ಅನ್ಯಾಯ. ಅವರಾಗಿಯೇ ಒಂದು ದಿನ ಬಿಟ್ಟುಕೊಟ್ಟರೆ ಅದು ಅವರ ದೊಡ್ಡತನ.

6. ಜೀವಕ್ಕಿಂತ ಸೇವೆ ದೊಡ್ಡದಲ್ಲ. ಮಾಡು ಹತ್ತುವುದು ಅನುಭವ ಇರುವವರು ಮಾತ್ರ, ಮಕ್ಕಳು ಬೇಡವೇ ಬೇಡ. ಏಣಿಯ ತುದಿ ನಾಲ್ಕು ಅಡಿ ಎತ್ತರದಲ್ಲಿ ಗೋಡೆಗೆ ತಾಗಿದರೆ ಬುಡ ಒಂದು ಅಡಿ ಹೊರಗಿರಬೇಕು. ಎಂಟು ಅಡಿಗೆ ಎರಡು ಅಡಿ. ಕೆಳಗೆ ಒಬ್ಬರು ಹಿಡಿದಿರಲಿ. ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟರೆ ಒಡೆದು ಕೆಳಗೆ ಬೀಳುತ್ತೀರಿ. ಹಳೆಯ ಶೀಟುಗಳಲ್ಲಿ ಕಲ್ನಾರು ಇರುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ವಿಷ. ಆದ್ದರಿಂದ ಅದನ್ನು ಕುಟ್ಟಿ ಒಡೆಯಬೇಡಿ, ಗರಗಸದಿಂದ ಕೊಯ್ಯಬೇಡಿ. ವಿದ್ಯುತ್ ತಂತಿ ಹತ್ತಿರ ಇದ್ದರೆ ಮೇನ್ ಸ್ವಿಚ್ ಆರಿಸಿ. ಸರ್ವಿಸ್ ವೈರು ಮುಟ್ಟಲು ಲೈನ್‌ಮನ್‌ನ್ನೇ ಕರೆಯಿರಿ.

7. ಫೋಟೋ ಬೇಡ, ಲೆಕ್ಕ ಬೇಕು. ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ಸಂಘದ ಪುಸ್ತಕದಲ್ಲಿ ಬರೆದು ಸಭೆಯಲ್ಲಿ ಓದಿ. ಫೋಟೋ ಬೇಕೇ ಬೇಕು ಅಂದರೆ ಮನೆಯವರು ಒಪ್ಪಿದ ಮೇಲೆ, ಕೆಲಸದ ಫೋಟೋ ತೆಗೆಯಿರಿ, ಬಡತನದ್ದಲ್ಲ.

8. ಮೊದಲ ಮಳೆಗೆ ಮತ್ತೆ ಹೋಗಿ. ಇದನ್ನು ಮರೆತರೆ ಮೇಲಿನ ಏಳೂ ಅರ್ಧ.

ಮತ್ತೆ ಬರುತ್ತೇನೆ ಎಂದವನು

ಪ್ರಭು ಯೇಸು ಹೇಳಿದ ಸಮಾರಿಯದವನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ದಾರಿಯಲ್ಲಿ ಕಳ್ಳರು ಹೊಡೆದು ಬಿಟ್ಟುಹೋದ ಮನುಷ್ಯನನ್ನು ಇಬ್ಬರು ನೋಡಿಯೂ ನೋಡದಂತೆ ಹೋದರು. ಬೇರೆ ಪಂಗಡದವನಾದ ಸಮಾರಿಯದವನು ನಿಂತ, ಗಾಯಕ್ಕೆ ಮದ್ದು ಹಚ್ಚಿದ, ಛತ್ರಕ್ಕೆ ಸೇರಿಸಿದ. ನಾವು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಅವನು ಛತ್ರದವನ ಕೈಗೆ ಹಣ ಕೊಟ್ಟು, ಇನ್ನೂ ಖರ್ಚಾದರೆ ಹಿಂತಿರುಗಿ ಬರುವಾಗ ಕೊಡುತ್ತೇನೆ ಎಂದು ಹೇಳಿ ಹೊರಟ. ಅಂದರೆ ಮತ್ತೆ ಬರುವ ಮಾತು ಕೊಟ್ಟ. ಅವತ್ತಿನ ಮರುಕ ಅವತ್ತಿಗೇ ಮುಗಿಯಲಿಲ್ಲ.

ಅಮೆರಿಕದ ಶಿಬಿರದ ಮಕ್ಕಳು ವಾರ ಮುಗಿಸಿ ನೂರಾರು ಮೈಲಿ ದೂರದ ತಮ್ಮ ಊರಿಗೆ ಹೋಗುತ್ತಾರೆ. ಮತ್ತೆ ಹೋಗಿ ನೋಡುವುದು ಅವರಲ್ಲಿ ಹಲವರಿಗೆ ಸಾಧ್ಯವಿಲ್ಲ. ನಮಗೆ ಹಾಗಲ್ಲ. ನಾವು ಅದೇ ಬೀದಿಯವರು, ಅದೇ ಬಾವಿಯ ನೀರು ಕುಡಿಯುವವರು. ಈ ಒಂದು ವಿಷಯದಲ್ಲಿ ನಮ್ಮ ಸಂಘಗಳಿಗೆ ದೊಡ್ಡ ಶಿಬಿರಗಳಿಗಿಂತ ಹೆಚ್ಚು ಬಲ ಇದೆ.

ಆ ತಾಯಿಯ ಮನೆ ಏನಾಯಿತು ಎಂದು ನೀವು ಕೇಳಬಹುದು. ಆ ಊರಿನ ಮಹಿಳಾ ಸಂಘದವರು ತುರ್ತು ಸಭೆ ಸೇರಿ ನಿರ್ಣಯ ಬರೆದರು. ಒಬ್ಬ ಆಚಾರಿಯನ್ನು ಕೂಲಿಗೆ ಕರೆದರು. ಮಳೆ ಬಿಡುವು ಕೊಟ್ಟ ನಾಲ್ಕು ದಿನಗಳಲ್ಲಿ ಹನ್ನೊಂದು ಪಕ್ಕಾಸು ಹೊಸದಾಗಿ ಹಾಕಿಸಿದರು. ಬಿದ್ದ ಹಂಚುಗಳ ರಾಶಿಯ ಮುಂದೆ ಆ ತಾಯಿಯೇ ಮಣೆ ಹಾಕಿ ಕೂತು, ಒಂದೊಂದನ್ನೇ ತಟ್ಟಿ, ಇದು ಆಗ್ತದೆ, ಇದು ಆಗೋದಿಲ್ಲ ಎಂದು ಬೇರೆ ಮಾಡಿದರು. ಹಂಚು ತಟ್ಟಿ ನೋಡುವುದನ್ನು ಮೇಲೆ ಬರೆದೆವಲ್ಲಾ, ಅದನ್ನು ನಮಗೆ ಕಲಿಸಿದವರು ಅವರೇ. ಮುಂದಿನ ಜೋರು ಮಳೆಗೆ ನಾವು ಕೊಡೆ ಹಿಡಿದು ಹೋದೆವು. ಅಡಿಗೆಮನೆಯ ನೆಲ ಒಣಗಿತ್ತು. ಆಕೆ ಬೆಲ್ಲದ ಕಾಫಿ ಮಾಡಿಕೊಟ್ಟರು. ಕ್ಷಮೆ ಕೇಳಿದೆವು. "ಕೂತುಕೊಳ್ಳಿ ಸಿಸ್ಟರ್, ಮಳೆ ನಿಂತ ಮೇಲೆ ಹೋಗಿ" ಅಂದರು. ಈ ಸಲ ಕೂತೆವು.

ಚರ್ಚೆಗೆ ಪ್ರಶ್ನೆಗಳು

1. ನಮಗೆ ಯಾರಾದರೂ ಸಹಾಯ ಮಾಡಿದಾಗ ಮನಸ್ಸಿಗೆ ನೋವಾದದ್ದು ಉಂಟೇ? ಏಕೆ?
2. ನಮ್ಮ ಊರಿನಲ್ಲಿ ಈ ಮಳೆಗಾಲಕ್ಕೆ ಹೆದರಿರುವ ಮನೆ ಯಾವುದು? ಅವರನ್ನು ಯಾರಾದರೂ ಕೇಳಿದ್ದಾರಾ?
3. ನಮ್ಮ ಸಂಘದಲ್ಲಿ, ಅವರ ಮನೆಗಳಲ್ಲಿ ಯಾರಿಗೆ ಯಾವ ಕೈಕೆಲಸ ಬರುತ್ತದೆ? ಪಟ್ಟಿ ಮಾಡಿ.
4. ಸಹಾಯ ಬೇಡ ಎಂದವರ ಜೊತೆ ನಾವು ಹೇಗೆ ನಡೆದುಕೊಳ್ಳಬೇಕು?

ಈ ತಿಂಗಳ ನಿರ್ಣಯ

ಇಬ್ಬರು ಸದಸ್ಯೆಯರನ್ನು ಆರಿಸಿ, ಮುಂದಿನ ವಾರದ ಸಭೆಯೊಳಗೆ ಒಂದು ಮನೆಗೆ ಹೋಗಿ ಕೂತು ಕೇಳಿ ಬರಲಿ. ಹೋಗುವಾಗ ಸುತ್ತಿಗೆ ಬೇಡ, ಪಟ್ಟಿಯೂ ಬೇಡ. ಕೇಳಿ ಬಂದದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ. ಕೆಲಸ ಅಲ್ಲಿಂದ ಶುರು.

ದೇವರು ನಿಮ್ಮನ್ನೂ ನಿಮ್ಮ ಮನೆಗಳನ್ನೂ ಕಾಪಾಡಲಿ.